ನಿಮ್ಮೊಳಗೇ ಹುಡುಕಿ: ಕೊಪ್ಪಳ ಸೀಮೆಯ ಏಳು ಸೂತ್ರಗಳು

ಬದುಕಿನ ಅರ್ಥ ಹುಡುಕುವುದು ಬಿಡುವಿದ್ದವರ ಹವ್ಯಾಸ ಎಂದು ಹಲವರು ಅಂದುಕೊಂಡಿದ್ದಾರೆ. ಅದು ದುಡಿಮೆ, ಅದಕ್ಕೂ ಬೆವರು ಹರಿಸಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನೆಲದಲ್ಲಿ ಇದಕ್ಕೆ ಸಾಕ್ಷಿಗಳು ಬೇಕಾದಷ್ಟಿವೆ.

1. ಸೋಮಾರಿತನವನ್ನು ಮೊದಲು ಒಪ್ಪಿಕೊಳ್ಳಿ.
ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. 2,200 ವರ್ಷಕ್ಕೂ ಹಳೆಯವು. ಗೆದ್ದ ರಾಜ್ಯಗಳ ಸುದ್ದಿ ಅವುಗಳಲ್ಲಿಲ್ಲ. ಬುದ್ಧನ ಉಪಾಸಕನಾದ ಮೇಲೂ ಒಂದು ವರ್ಷ ಮನಸ್ಸಿಟ್ಟು ಶ್ರಮಿಸಲಿಲ್ಲ, ಬೌದ್ಧ ಸಂಘದ ಸಮೀಪ ಹೋದ ಮೇಲೆ ಚೆನ್ನಾಗಿ ಶ್ರಮಿಸಿದೆ ಎಂದು ಚಕ್ರವರ್ತಿಯೇ ಬಂಡೆಯ ಮೇಲೆ ಬರೆಸಿದ್ದಾನೆ. ನಿಮಗೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮುಂದೂಡುತ್ತ ಬಂದದ್ದನ್ನೆಲ್ಲ ಬರೆಯಿರಿ.

2. 'ಇದು ನಮ್ಮಂಥವರಿಗಲ್ಲ' ಎನ್ನಬೇಡಿ.
ಸಾಧನೆಯ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎನ್ನುವುದೇ ಅಶೋಕನ ಆ ಶಾಸನಗಳ ತಿರುಳು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋಗುವವರಿಗೆ ಧ್ಯಾನ ಶಿಬಿರಕ್ಕೆ ಪುರಸೊತ್ತಿಲ್ಲ. ಬಸ್ಸಿನ ಕಿಟಕಿ ಪಕ್ಕ ಒಂದು ತಾಸಂತೂ ಸಿಗುತ್ತದೆ. ಮೊಬೈಲ್ ಕಿಸೆಗೆ ಹಾಕಿ, ಯಾರಿಗಾಗಿ ಈ ದುಡಿಮೆ ಎಂದು ಕೇಳಿಕೊಳ್ಳಿ.

3. ಹಿಡಿದ ಕೆಲಸದಲ್ಲಿ ಕಾಣದ ಭಾಗವನ್ನೂ ನೆಟ್ಟಗೆ ಮಾಡಿ.
ಕಿನ್ನಾಳದಲ್ಲಿ ಬೊಂಬೆ ಮಾಡುವ ಚಿತ್ರಗಾರರು ಬಣ್ಣಕ್ಕೆ ಅವಸರಪಡುವುದಿಲ್ಲ. ಹಗುರ ಮರದ ಬೊಂಬೆಯ ಕೀಲುಗಳನ್ನು ಹುಣಸೆ ಬೀಜದ ಅಂಟಿನಿಂದ ಬೆಸೆಯುತ್ತಾರೆ, ಮೈಗೆಲ್ಲ ಲೇಪ ಹಚ್ಚಿ ನಯ ಮಾಡುತ್ತಾರೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಮೇಲಿನ ಬಣ್ಣವಷ್ಟೇ. ಬೊಂಬೆ ಬಾಳುವುದು ಒಳಗಿನ ಅಂಟಿನಿಂದ.

4. ಕೊಟ್ಟು ನೋಡಿ.
ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಜಾತ್ರೆ ಪುಷ್ಯ ಮಾಸದಲ್ಲಿ ಬರುತ್ತದೆ. ಆಗ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು, ಟ್ರ್ಯಾಕ್ಟರ್ ತುಂಬಿ ಮಠದ ದಾಸೋಹಕ್ಕೆ ಕಳಿಸುತ್ತಾರೆ. ರಾಶಿ ಬಿದ್ದ ರೊಟ್ಟಿಯಲ್ಲಿ ಯಾರದ್ದು ಯಾವುದೆಂದು ಗೊತ್ತಾಗುವುದಿಲ್ಲ. ಹೆಸರು ಹೇಳಿಕೊಳ್ಳದೆ ತಿಂಗಳಿಗೊಂದಾದರೂ ಉಪಕಾರ ಮಾಡಿ. ಮಾಡಿದ್ದನ್ನು ಯಾರಿಗಾದರೂ ಹೇಳಬೇಕೆಂದು ಮನಸ್ಸು ಎಷ್ಟು ಚಡಪಡಿಸುತ್ತದೋ ಗಮನಿಸಿ. ನಿಮ್ಮ ಅಹಂಕಾರದ ಅಳತೆ ಅಲ್ಲೇ ಸಿಗುತ್ತದೆ.

5. ಬೇಡಿಕೆಯ ಪಟ್ಟಿ ಬಿಟ್ಟು ಬೆಟ್ಟ ಹತ್ತಿ.
ಗಂಗಾವತಿ ತಾಲ್ಲೂಕಿನ ಅಂಜನಾದ್ರಿಗೆ 575 ಮೆಟ್ಟಿಲು. ಕೆಲಸ, ಮದುವೆ, ಸಾಲ ಎಂದು ಹರಕೆ ಹೊತ್ತು ಹತ್ತುವವರೇ ಹೆಚ್ಚು. ಒಮ್ಮೆ ಏನನ್ನೂ ಬೇಡದೆ ಹತ್ತಿ. ಮೇಲೆ ಕೂತು ತುಂಗಭದ್ರೆಯನ್ನೂ ಗದ್ದೆಗಳ ಹಸಿರನ್ನೂ ಸುಮ್ಮನೆ ನೋಡಿ. ಸೆಲ್ಫಿ ಆಮೇಲೆ.

6. ಹುದ್ದೆ ಕಳಚಿದರೆ ಏನುಳಿಯುತ್ತದೆ, ಲೆಕ್ಕ ಹಾಕಿ.
ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಐಎಎಸ್ ಅಧಿಕಾರಿಯಾಗಿದ್ದರು. ಜನ ಇಂದು ನೆನೆಯುವುದು 'ಕಾವ್ಯಾನಂದ' ಎಂಬ ಕಾವ್ಯನಾಮದ ಕವಿಯನ್ನು, ಅವರ ಕಡತಗಳನ್ನಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಇಲ್ಲದ ಯಾವ ಗುಣ ನಿಮ್ಮಲ್ಲಿದೆ? ಅದಕ್ಕೆ ದಿನಕ್ಕೆ ಅರ್ಧ ತಾಸು ಕೊಡಿ.

7. ಸಾವನ್ನು ಮರೆಯಬೇಡಿ.
ಹಿರೇಬೆಣಕಲ್ ಬೆಟ್ಟದ ಮೇಲೆ ಶಿಲಾಯುಗದ ನಂತರದ ಜನ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಸಮಾಧಿಗಳಿವೆ. ಹಿಂದೆ ಕೊಪಣವೆನಿಸಿದ್ದ ಕೊಪ್ಪಳಕ್ಕೆ ಜೈನ ಸಾಧಕರು ಉಪವಾಸದಿಂದ ದೇಹ ತ್ಯಜಿಸುವ ಸಲ್ಲೇಖನ ವ್ರತ ಹಿಡಿಯಲೆಂದೇ ಬರುತ್ತಿದ್ದರು. ದಿನಗಳು ಎಣಿಕೆಯವು ಎಂದು ತಿಳಿದವರು ದಾಯಾದಿ ಜಗಳಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯುವುದಿಲ್ಲ.

ಏಳನ್ನೂ ಒಟ್ಟಿಗೆ ಹಿಡಿದವರು ಒಂದನ್ನೂ ಪೂರೈಸುವುದಿಲ್ಲ. ನಿಮಗೆ ಅತಿ ಕಷ್ಟ ಎನಿಸಿದ್ದನ್ನೇ ಆರಿಸಿಕೊಂಡು ಒಂದು ತಿಂಗಳು ಬಿಡದೆ ಮಾಡಿ. ಗುರು ದಾರಿ ತೋರಿಸಬಹುದು, ಪುಸ್ತಕ ಹುರಿದುಂಬಿಸಬಹುದು. ನಡೆಯಬೇಕಾದವರು ಮಾತ್ರ ನೀವೇ.