ಆವರಣದ ಮರ ಕಡಿಸುವಾಗ ಮಾಲೀಕರ ಹೊಣೆಗಾರಿಕೆ

ಮುಂಗಾರಿಗೆ ಮುನ್ನ ಕಾರ್ಖಾನೆ, ಗೋದಾಮುಗಳ ಆವರಣದಲ್ಲಿ ಶೆಡ್ಡಿನ ಮೇಲೆ ಬಾಗಿರುವ ಮರಗಳನ್ನು ಕಡಿಸುವುದು ವಾಡಿಕೆ. "ಮರ ಕಡಿಸಿದ ಬಾಬ್ತು ರೂ. 4,500, ಆಳು ಮೂರು" ಎಂಬಂತಹ ವೋಚರು, ಕೆಳಗೊಂದು ಹೆಬ್ಬೆರಳಿನ ಗುರುತು, ಇವು ಲೆಕ್ಕ ಪರಿಶೋಧನೆಯ ವೇಳೆ ಇತರೆ ಖರ್ಚುಗಳ ಖಾತೆಯಲ್ಲಿ ಆಗಾಗ ಕಾಣಸಿಗುತ್ತವೆ. ಮೊತ್ತ ಅಲ್ಪವಾದುದರಿಂದ ಲೆಕ್ಕ ಪರಿಶೋಧಕರಾದ ನಾವೂ ಪುಟ ತಿರುಗಿಸಿ ಮುಂದೆ ಹೋಗುತ್ತೇವೆ. ಆದರೆ ಆ ದಿನ ಒಬ್ಬನು ಮರದಿಂದ ಬಿದ್ದು ಮೃತಪಟ್ಟಿದ್ದರೆ, ಅವನನ್ನು ಕೆಲಸಕ್ಕೆ ಇರಿಸಿಕೊಂಡವರು ಯಾರೆಂಬುದಕ್ಕೆ ಅದೇ ವೋಚರು ಮೊದಲ ಸಾಕ್ಷ್ಯವಾಗುತ್ತದೆ.

"ಅವನು ನಮ್ಮ ಹಾಜರಿ ಪುಸ್ತಕದಲ್ಲಿಲ್ಲ, ಒಂದು ದಿನದ ಆಳು" ಎಂಬ ಸಮಾಧಾನ ಅನೇಕರಲ್ಲಿದೆ. ಮಾಲೀಕರ ವ್ಯಾಪಾರಕ್ಕೆ ಸಂಬಂಧಿಸದ ಕೆಲಸಕ್ಕೆ ಬಂದ ತಾತ್ಕಾಲಿಕ ಆಳನ್ನು 1923ರ ಪರಿಹಾರ ಅಧಿನಿಯಮವು ಹಿಂದೆ ಹೊರಗಿಟ್ಟಿತ್ತು, ನಿಜ. 2000ದ ತಿದ್ದುಪಡಿಯು ಆ ವಿನಾಯಿತಿಯನ್ನು ತೆಗೆದುಹಾಕಿತು. ಮೇಲಾಗಿ, ಮರ ಕಡಿಯುವ ಕೆಲಸವು ಆ ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿ ತಾಳೆ ಜಾತಿಯ ಮರಗಳಿಂದ ರಸ ಇಳಿಸುವ ಕೆಲಸದ ಜೊತೆಯಲ್ಲೇ ನಮೂದಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಈ ಅಧಿನಿಯಮ ವಿಲೀನವಾಗಿದೆ; ಆದರೆ ಅಪಘಾತ ಪರಿಹಾರದ ಮೂಲ ಚೌಕಟ್ಟು ಹಾಗೆಯೇ ಉಳಿದಿದೆ.

ಲೆಕ್ಕವನ್ನು ನೋಡೋಣ. ಮರಣ ಸಂಭವಿಸಿದರೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. ಈ ಉದ್ದೇಶಕ್ಕೆ ವೇತನದ ಗರಿಷ್ಠ ಮಿತಿಯನ್ನು 2020ರ ಜನವರಿಯಲ್ಲಿ ರೂ. 15,000ಕ್ಕೆ ಏರಿಸಲಾಯಿತು. 35 ವರ್ಷದವನಿಗೆ ಗುಣಕ 197.06. ಆದ್ದರಿಂದ 2024ರಲ್ಲಿ ನಡೆದ ಅಪಘಾತವೆಂದು ಭಾವಿಸಿದರೆ 7,500 × 197.06, ಅಂದರೆ ರೂ. 14,77,950. ಒಂದು ತಿಂಗಳೊಳಗೆ ಪಾವತಿಯಾಗದಿದ್ದರೆ ಶೇಕಡಾ 12ರ ಬಡ್ಡಿ. ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಶೇಕಡಾ 50ರವರೆಗೆ ದಂಡ. ಇಎಸ್‌ಐ ಇದೆಯಲ್ಲ ಎನ್ನುವವರುಂಟು. ನೋಂದಾಯಿತ ನೌಕರರ ಮಟ್ಟಿಗೆ ಆ ಮಾತು ಸರಿ. ಒಂದು ದಿನದ ಆಳಿನ ಹೆಸರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

"ಕುಡಿದು ಮರ ಹತ್ತಿದ", "ಬೆಲ್ಟ್ ಕಟ್ಟಿಕೊಳ್ಳೆಂದರೂ ಕೇಳಲಿಲ್ಲ" ಎಂಬ ವಾದಗಳು ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಲ್ಲಿ ನಿಲ್ಲುವುದಿಲ್ಲ. ಪರಿಹಾರ ಕೇಳುವುದಿಲ್ಲವೆಂದು ಮೊದಲೇ ಬರೆಸಿಕೊಂಡ ಪತ್ರಕ್ಕೂ ಬೆಲೆಯಿಲ್ಲ. ಇನ್ನು ಕೆಲವರು ಮೃತನ ಪತ್ನಿಯ ಕೈಗೇ ಹಣ ನೀಡಿ ಛಾಪಾ ಕಾಗದದ ಮೇಲೆ ಸಹಿ ಪಡೆಯುತ್ತಾರೆ. ಮರಣ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ನೇರವಾಗಿ ಕೊಟ್ಟ ಹಣ ಸಣ್ಣ ಮುಂಗಡದ ಹೊರತು ಪರಿಹಾರವೆಂದು ಲೆಕ್ಕಕ್ಕೆ ಬಾರದು. ಹೀಗೆ ಎರಡೆರಡು ಬಾರಿ ತೆರುವವರು ಬಹುಮಟ್ಟಿಗೆ ಒಳ್ಳೆಯ ಮನಸ್ಸಿನ ಮಾಲೀಕರೇ ಎಂಬುದು ಖೇದಕರ.

ಗುತ್ತಿಗೆದಾರರ ಮೂಲಕ ಕೆಲಸ ಮಾಡಿಸಿದರೆ? ಆ ಕೆಲಸವು ಮಾಲೀಕರ ವ್ಯಾಪಾರದ ಸಾಮಾನ್ಯ ಭಾಗವಾಗಿದ್ದರೆ ಅವರೂ ಹೊಣೆಗಾರರು. ಮರದ ವ್ಯಾಪಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಇತರರಿಗೆ ವಾದಕ್ಕೆ ಅವಕಾಶವಿದೆ. ಆದರೆ ಗುತ್ತಿಗೆದಾರನೆಂಬವನು ಕಾಗದದ ಮೇಲೆ ಇರಬೇಕು. ಲಿಖಿತ ಕಾರ್ಯಾದೇಶ, ಆಳುಗಳ ಹೆಸರುಪಟ್ಟಿ, ಅಂದು ಚಾಲ್ತಿಯಲ್ಲಿರುವ ಅವನ ವಿಮಾ ಪಾಲಿಸಿಯ ಪ್ರತಿ, ಇವಿಲ್ಲದೆ ಬರೀ ಬಾಯಿಮಾತಿನ ಗುತ್ತಿಗೆಯನ್ನು ಸಾಬೀತುಪಡಿಸುವುದು ಕಷ್ಟ. ತಮ್ಮದೇ ಪಾಲಿಸಿ ಇದ್ದರೆ, ಅದರಲ್ಲಿ ಘೋಷಿಸಿದ ಕೆಲಸಗಳ ಪೈಕಿ ಮರ ಕಡಿಯುವುದು ಸೇರಿದೆಯೇ ಎಂದು ಓದಿ ನೋಡಬೇಕು.

ಕಾರ್ಯಾದೇಶದಲ್ಲಿ ಸುರಕ್ಷತೆಯ ಷರತ್ತುಗಳನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಯಿಂದ ಸರಬರಾಜು ನಿಲ್ಲಿಸಿದ ನಂತರವೇ ಕೆಲಸ. ಮರದ ಎತ್ತರದ ಎರಡರಷ್ಟು ದೂರದೊಳಗೆ ಕಡಿಯುವವರ ಹೊರತು ಯಾರೂ ಇರಬಾರದು. ಹೆಲ್ಮೆಟ್ ಕಡ್ಡಾಯ, ಬೆಲ್ಟನ್ನು ಕಡಿಯುವ ಕೊಂಬೆಗೇ ಬಿಗಿಯಬಾರದು. ಚೈನ್ ಸಾ ಯಂತ್ರವನ್ನು ಭುಜಕ್ಕಿಂತ ಮೇಲೆತ್ತಿ ಕೊಯ್ಯಬಾರದು. ಅದರ ತುದಿ ತಗುಲಿದರೆ ಯಂತ್ರ ಮುಖದತ್ತ ಚಿಮ್ಮುತ್ತದೆ. ಬೀಳಬೇಕಾದ ದಿಕ್ಕಿಗೆ ಮೊದಲು ಕಚ್ಚು ತೆಗೆದು, ಹಿಂದಿನಿಂದ ಕೊಯ್ಯುವಾಗ ನಡುವೆ ಒಂದಿಷ್ಟು ಕೊಯ್ಯದೆ ಬಿಡಬೇಕು. ಬಾಗಿಲಿನ ಕೀಲಿನಂತೆ ಅದೇ ಮರವನ್ನು ಹಿಡಿದು ಇಳಿಸುತ್ತದೆ. ಪಕ್ಕದ ಮರಕ್ಕೆ ಸಿಕ್ಕಿಕೊಂಡ ಮರದ ಅಡಿಯಲ್ಲಿ ಯಾರೂ ಹೋಗಬಾರದು. ಗಾಳಿಮಳೆಯಿದ್ದರೆ ಕೆಲಸ ಮುಂದೂಡಬೇಕು.

ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ವೃಕ್ಷಾಧಿಕಾರಿಯ ಅನುಮತಿ ಬೇಕಾದಲ್ಲಿ ಅದನ್ನೂ ಮುಂಚಿತವಾಗಿ ಪಡೆದು, ಅದರ ಪ್ರತಿಯನ್ನು ಮೇಲಿನ ಕಾಗದಗಳೊಡನೆ ವೋಚರಿಗೆ ಲಗತ್ತಿಸಿ ಇಡುವುದು ಒಳಿತು.