ಸಮ್ಯಕ್ ವ್ಯಾಯಾಮ ಮತ್ತು ಸೋಣನ ಪಾದರಕ್ಷೆ



ಕಳೆದ ಭಾನುವಾರ ಮಕ್ಕಳ ಧಮ್ಮ ತರಗತಿಯಲ್ಲಿ ಅಷ್ಟಾಂಗ ಮಾರ್ಗವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆರನೆಯದಾದ ಸಮ್ಯಕ್ ವ್ಯಾಯಾಮ ಬರೆದದ್ದೇ ತಡ, ಏಳನೇ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, "ಸರ, ಬುದ್ಧರು ಬಸ್ಕಿ ಹೊಡೀರಿ ಅಂತ ಹೇಳಿದ್ರೇನ್ರಿ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ತಪ್ಪು ಹುಡುಗನದಲ್ಲ. ಪಾಲಿಯ 'ವಾಯಾಮ', ಸಂಸ್ಕೃತದ 'ವ್ಯಾಯಾಮ' ಎರಡಕ್ಕೂ ಶ್ರಮ, ಪ್ರಯತ್ನ ಎಂಬ ವಿಶಾಲವಾದ ಅರ್ಥವಿದೆ. ನಮ್ಮ ಬಳಕೆಯಲ್ಲಿ ಆ ಪದ ಮೈ ದಂಡಿಸುವುದಕ್ಕಷ್ಟೇ ನಿಂತುಬಿಟ್ಟಿದೆ. ಹುಟ್ಟದಿರುವ ಅಕುಶಲವನ್ನು ಹುಟ್ಟಗೊಡದಿರುವುದು, ಹುಟ್ಟಿದ ಅಕುಶಲವನ್ನು ಬಿಡುವುದು, ಹುಟ್ಟದಿರುವ ಕುಶಲವನ್ನು ಹುಟ್ಟಿಸುವುದು, ಹುಟ್ಟಿದ ಕುಶಲವನ್ನು ಬೆಳೆಸುವುದು ಎಂದು ಬುದ್ಧರು ನಾಲ್ಕು ಬಗೆಯ ಪ್ರಯತ್ನ ಹೇಳಿದ್ದಾರೆ. ಹುಡುಗನಿಗೆ ಇಷ್ಟನ್ನು ಹೇಳಿ ಕೂರಿಸಿದೆ. ಆದರೆ ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ಅವನು ಅಂದುಕೊಂಡಂಥ ವ್ಯಾಯಾಮದಿಂದಲೇ, ಅದೂ ತಪ್ಪು ಮಾಡಿದ ಮೇಲೆ.

ನಾನು ಓಟಕ್ಕೆ ಇಳಿದದ್ದು ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ. ಮೊದಮೊದಲು ಗಜೇಂದ್ರಗಡದಿಂದ ರೋಣದ ಕಡೆಯ ರಸ್ತೆಯಲ್ಲಿ ಬೆಳಗಿನ ಜಾವ ನಡಿಗೆ. ಆಮೇಲೆ ಮೆಲ್ಲಗೆ ಓಟ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ನೋಡಿಕೊಂಡೇ ಹೊರಡುತ್ತಿದ್ದೆ, ಇಲ್ಲವಾದರೆ ಮರಳಿ ಬರುವಾಗ ಎದುರುಗಾಳಿ ಜೀವ ತಿನ್ನುತ್ತದೆ. ಮಳೆಗಾಲದಲ್ಲಿ ರಸ್ತೆಯಿಂದ ಒಂದು ಹೆಜ್ಜೆ ಕೆಳಗೆ ಇಟ್ಟರೆ ಎರಿ ಮಣ್ಣು ಕಾಲಿಗೆ ಅರ್ಧ ಕಿಲೋ ಅಂಟುತ್ತದೆ. ಮೊದಲ ವಾರ ಬಸ್ಸಿನ ಕಂಡಕ್ಟರೊಬ್ಬರು ಗಾಡಿ ನಿಲ್ಲಿಸಿ, "ಯಾಕ್ರೀ ಸರ, ಬಸ್ ತಪ್ಪಿತೇನ್ರಿ? ಹತ್ರಿ" ಅಂದಿದ್ದರು.

ಹಾಫ್ ಮ್ಯಾರಥಾನ್ ಅಂದರೆ 21 ಕಿಲೋಮೀಟರ್ 97 ಮೀಟರ್, ಮೇಲೆ ಅರ್ಧ ಮೀಟರ್. ವಿಜಯಪುರದ ವೃಕ್ಷೊಥಾನ್ ಹೆರಿಟೇಜ್ ರನ್‌ನಲ್ಲಿ ಮೊದಲ ಸಲ ಓಡಿದಾಗ ನನಗೆ 2 ಗಂಟೆ 12 ನಿಮಿಷ ಹಿಡಿಯಿತು. ಮುಂದಿನ ಸಲ 2 ಗಂಟೆ 4 ನಿಮಿಷ. ಒಬ್ಬ ಓಟಗಾರ ತಾನೇ ಹಿಂದೆ ಮಾಡಿದ ಅತಿ ಒಳ್ಳೆಯ ವೇಳೆಗೆ 'ಪರ್ಸನಲ್ ಬೆಸ್ಟ್' ಅನ್ನುತ್ತಾರೆ. ನನಗೆ ಎರಡು ಗಂಟೆಯ ಒಳಗೆ ಮುಗಿಸುವ ಹುಚ್ಚು ಹಿಡಿಯಿತು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ಈ 5:41 ನನ್ನ ತಲೆಯಲ್ಲಿ ಕೂತು, ಪರೀಕ್ಷೆ ಪೇಪರ್ ತಿದ್ದುವಾಗಲೂ ಕಾಣತೊಡಗಿತು.

ಓಟ ಬಲ್ಲವರು ಹೇಳುವ ಸಾದಾ ಮಾತೊಂದಿದೆ: ವಾರದ ಹೆಚ್ಚಿನ ದಿನ, ಪಕ್ಕದವರ ಜೊತೆ ಮಾತಾಡುತ್ತ ಓಡಬಹುದಾದಷ್ಟು ನಿಧಾನವಾಗಿ ಓಡಬೇಕು. ಜೋರಿನ ಓಟ ಒಂದೋ ಎರಡೋ ದಿನ ಸಾಕು. ಮೈ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ಮೇಲೆ ಸುಧಾರಿಸಿಕೊಳ್ಳುವಾಗ. ನಾನು ಇದನ್ನು ಓದಿ, ಒಪ್ಪಿ, ಬದಿಗಿಟ್ಟೆ. ದಿನಾ ಜೋರು. ಮೂರು ಭಾನುವಾರ ಬುದ್ಧ ವಂದನೆ ತಪ್ಪಿಸಿದೆ. ಶಾಲೆಯಲ್ಲಿ ಮಕ್ಕಳ ಮೇಲೆ ವಿನಾಕಾರಣ ಸಿಡುಕಿದೆ. ಮನೆಯಲ್ಲಿ ನನ್ನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದ್ದರು, ಅದೂ ನನಗೆ ಗೊತ್ತಾಗಲಿಲ್ಲ. ಕೊನೆಗೆ ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತು. ಆರು ವಾರ ಓಡುವಂತಿಲ್ಲ ಎಂದರು ಡಾಕ್ಟರು.

ಆ ಆರು ವಾರದಲ್ಲಿ ಸೋಣ ಕೋಳಿವೀಸನ ಕಥೆಯನ್ನು ಮತ್ತೆ ಓದಿದೆ. ವಿನಯ ಪಿಟಕದ ಮಹಾವಗ್ಗದಲ್ಲಿ ಬರುತ್ತದೆ, ಅಂಗುತ್ತರ ನಿಕಾಯದಲ್ಲೂ ಇದೆ. ಸೋಣ ಚಂಪಾ ನಗರದ ದೊಡ್ಡ ಶ್ರೀಮಂತನ ಮಗ. ಅವನ ಪಾದ ಎಷ್ಟು ಮೃದುವೆಂದರೆ ಅಂಗಾಲಲ್ಲಿ ಕೂದಲು ಬೆಳೆದಿತ್ತಂತೆ, ಅದನ್ನು ನೋಡಲೆಂದೇ ರಾಜ ಬಿಂಬಿಸಾರ ಕರೆಸಿಕೊಂಡನಂತೆ. ಇಂಥವನು ಭಿಕ್ಕುವಾಗಿ, ರಾಜಗೃಹದ ಸೀತವನದಲ್ಲಿ ಹಗಲೂ ರಾತ್ರಿ ಚಂಕ್ರಮಣ ಮಾಡಿದ. ಅಂಗಾಲು ಒಡೆದು, ನಡೆದ ದಾರಿಯೆಲ್ಲ ರಕ್ತವಾಯಿತು. ಇಷ್ಟು ದುಡಿದರೂ ಬಿಡುಗಡೆ ಸಿಗಲಿಲ್ಲ, ಮನೆಗೆ ಹೋಗಿ ದಾನಧರ್ಮ ಮಾಡಿಕೊಂಡಿರುತ್ತೇನೆ ಎಂದು ಯೋಚಿಸಿದ. ಆಗ ಬುದ್ಧರು ಬಂದು ಕೇಳಿದ್ದು ಅವನು ಸಂಸಾರಿಯಾಗಿದ್ದಾಗ ನುಡಿಸುತ್ತಿದ್ದ ವೀಣೆಯ ಬಗ್ಗೆ. ತಂತಿ ಅತಿ ಬಿಗಿಯಾದರೆ ನುಡಿಯುತ್ತದೆಯೇ? ಅತಿ ಸಡಿಲವಾದರೆ? ಎರಡಕ್ಕೂ ಅವನ ಉತ್ತರ ಇಲ್ಲ ಎಂದೇ. ಪ್ರಯತ್ನವೂ ಹಾಗೆ, ಅತಿಯಾದರೆ ಮನಸ್ಸು ಕದಡುತ್ತದೆ, ಕಡಿಮೆಯಾದರೆ ಜಡವಾಗುತ್ತದೆ ಎಂದರು.

ಇಲ್ಲಿ ಒಂದು ಎಚ್ಚರಿಕೆ. ಈ ವೀಣೆಯ ಕಥೆ ಹೇಳಿ, 'ಆಸೆ ಬಿಡಿ, ಇದ್ದದ್ದರಲ್ಲಿ ತೃಪ್ತಿಪಡಿ' ಎಂದು ಮುಗಿಸುವವರು ಬಹಳ. ನಮ್ಮ ಜನಕ್ಕೆ ತೃಪ್ತಿಯ ಉಪದೇಶ ಸಾವಿರ ವರ್ಷ ಸಿಕ್ಕಿದೆ, ಇನ್ನು ಬೇಡ. ಬುದ್ಧರು ಸೋಣನಿಗೆ ನಿಲ್ಲು ಅನ್ನಲಿಲ್ಲ. ಶ್ರುತಿ ಮಾಡಿಕೊಂಡು ನುಡಿಸು ಅಂದರು. ಅವನು ಹಾಗೇ ದುಡಿದು ಅರಹಂತನೂ ಆದ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬುದ್ಧರಿಗೆ ಬಡತನ ಇಷ್ಟವಿರಲಿಲ್ಲ ಎಂದು ಒಂದು ಭಾಗ ಬರೆದು, ಅದರ ಬೆನ್ನಿಗೇ ಕೂಡಿಹಾಕುವ ಬುದ್ಧಿಯೂ ಇಷ್ಟವಿರಲಿಲ್ಲ ಎಂದು ಇನ್ನೊಂದು ಭಾಗ ಇಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ಓದಬೇಕು. ನನ್ನ ಎರಡು ಗಂಟೆಯ ಗುರಿ ತಪ್ಪಲ್ಲ. ಅದಕ್ಕಾಗಿ ಮಕ್ಕಳ ಮೇಲೆ ಸಿಡುಕಿದ್ದು ತಪ್ಪು. ಹುಟ್ಟಿದ ಅಕುಶಲ ಅದು.

ಸೋಣನ ಕಥೆಯ ಉಳಿದ ಭಾಗವನ್ನು ಯಾಕೋ ಯಾರೂ ಹೇಳುವುದಿಲ್ಲ. ನಿನ್ನ ಪಾದ ಮೃದು, ನೀನು ಒಂದು ಪದರದ ಪಾದರಕ್ಷೆ ಹಾಕಿಕೋ ಎಂದು ಬುದ್ಧರು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. 80 ಬಂಡಿ ಹೊನ್ನು ಬಿಟ್ಟು ಬಂದವನು ಈಗ ಕಾಲ್ಮೆಟ್ಟಿಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ. ಸಂಘದ ಎಲ್ಲರಿಗೂ ಅನುಮತಿಯಿದ್ದರೆ ನಾನೂ ಹಾಕಿಕೊಳ್ಳುತ್ತೇನೆ, ನನಗೊಬ್ಬನಿಗೇ ಆದರೆ ಬೇಡ ಎಂದ. ಬುದ್ಧರು ಸಂಘಕ್ಕೆಲ್ಲ ಅನುಮತಿ ಕೊಟ್ಟರು.

ಇದನ್ನು ಓದಿದಾಗ ಅಪ್ಪನ ನೆನಪಾಯಿತು. ನಾನು ಮೊದಲ ಸಲ ಓಟದ ಶೂ ತಂದಾಗ ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಬಗ್ಗಿಸಿ, ಅಟ್ಟೆ ಒತ್ತಿ ನೋಡಿ, "ಎಷ್ಟ ಕೊಟ್ಟಿ ಇದಕ?" ಅಂದಿದ್ದ. ಆರು ಸಾವಿರ ಅನ್ನಲು ಬಾಯಿ ಬರದೆ ಎರಡು ಸಾವಿರ ಎಂದೆ (ನಾಲ್ಕನೇ ಶೀಲ ಅಲ್ಲಿಗೇ ಮುರಿಯಿತು). ಅದಕ್ಕೇ ಅವನು ಕಣ್ಣು ದೊಡ್ಡದು ಮಾಡಿದ. ಆಮೇಲೆ ಅಂದ: "ಗೌಡ್ರ ಓಣಿ ಬಂತಂದ್ರ ನಮ್ಮ ಕಾಲಾಗಿನ ಚಪ್ಪಲಿ ಕೈಯಾಗ ಬರತಿದ್ವು. ನೀ ಅದ ಓಣ್ಯಾಗ ಬೂಟ್ ಹಾಕ್ಕೊಂಡು ಓಡತಿ." ಅಷ್ಟೇ ಅಂದು ಶೂ ಕೆಳಗಿಟ್ಟ. ಪೇಶ್ವೆಯರ ಪುಣೆಯಲ್ಲಿ ಅಸ್ಪೃಶ್ಯರು ತಮ್ಮ ಹೆಜ್ಜೆ ತಾವೇ ಗುಡಿಸಿಕೊಂಡು ಹೋಗಲು ಸೊಂಟಕ್ಕೆ ಕಸಬರಿಗೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ನರಗುಂದ, ಗಜೇಂದ್ರಗಡದ ಈ ಸೀಮೆಯೂ ಆಗ ಮರಾಠರ ಆಳ್ವಿಕೆಯ ನೆರಳಲ್ಲೇ ಇತ್ತು. ಈಗ ಬೆಳಗಿನ ಐದಕ್ಕೆ ಆ ರಸ್ತೆಯ ಧೂಳಿನಲ್ಲಿ ನನ್ನ ಹೆಜ್ಜೆ ಮೂಡುತ್ತದೆ. ಯಾರೂ ಗುಡಿಸು ಅನ್ನುವುದಿಲ್ಲ.

ಆ ವರ್ಷದ ತಾಲೂಕು ಕ್ರೀಡಾಕೂಟದಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ಬರಿಗಾಲಲ್ಲಿ 3000 ಮೀಟರ್ ಓಡಿ ಎರಡನೆಯವಳಾಗಿ ಬಂದಳು. ಸರ್ಕಾರ ಕೊಡುವ ಕಪ್ಪು ಶೂ ಇದೆ, ಆದರೆ ಅದು ಪ್ರಾರ್ಥನೆಗೆ ನಿಲ್ಲಲು ಸರಿ, ಓಡಲು ಭಾರ. ಅವಳ ಅಂಗಾಲಿನ ಬೊಬ್ಬೆ ಒಡೆದಿತ್ತು. ನಾನು ಆಗ ಮೂರನೇ ಜೋಡಿ ಶೂ ತರಿಸಲು ಹಣ ಎತ್ತಿಟ್ಟಿದ್ದೆ. ಅದಕ್ಕೆ ನಮ್ಮ ಬಳಗದ ಕೆಲವರ ಹಣ ಸೇರಿಸಿ, ಓಡುವ ಒಂಬತ್ತು ಮಕ್ಕಳಿಗೆ ಹಗುರವಾದ ಶೂ ತಂದೆವು. ಒಬ್ಬ ಅದನ್ನು ಅಕ್ಕನ ಮದುವೆಗೆ ಹಾಕಿಕೊಂಡು ಹೋಗಿ ಒಂದು ಕಳೆದುಕೊಂಡು ಬಂದ. ಉಳಿದ ಎಂಟು ಮಕ್ಕಳು ಈಗ ವಾರಕ್ಕೆ ಮೂರು ದಿನ ನನ್ನ ಜೊತೆ ಓಡುತ್ತಾರೆ. ಅವರ ಜೊತೆ ಮಾತಾಡುತ್ತ ಓಡುವುದರಿಂದ, ಹೇಳಿದರೂ ಕೇಳದ ನನಗೆ ನಿಧಾನದ ಓಟ ತಾನಾಗಿ ಬಂತು.

ಕಳೆದ ಸಲದ ಓಟದಲ್ಲಿ ಮೊದಲ 10 ಕಿಲೋಮೀಟರನ್ನು 57 ನಿಮಿಷ 10 ಸೆಕೆಂಡಿಗೆ ಮುಗಿಸಿದೆ. ಅದರ ಹಿಂದಿನ ಸಲ 54 ನಿಮಿಷಕ್ಕೇ ಮುಗಿಸಿ, 15ನೇ ಕಿಲೋಮೀಟರಿನಲ್ಲಿ ಕಾಲು ಎತ್ತಲಾಗದೆ ಒದ್ದಾಡಿದ್ದೆ. ಈ ಸಲ ಕೊನೆಯವರೆಗೂ ಅದೇ ಲಯ ಉಳಿಯಿತು. ವೇಳೆ: 2 ಗಂಟೆ 38 ಸೆಕೆಂಡು. ಪರ್ಸನಲ್ ಬೆಸ್ಟ್ ಆಯಿತು, ಎರಡು ಗಂಟೆಯ ಗೆರೆ ದಾಟಲಾಗಲಿಲ್ಲ. ಆ 38 ಸೆಕೆಂಡು ನನ್ನನ್ನು ಕಾಡುವುದಿಲ್ಲ ಎಂದರೆ ನಾಲ್ಕನೇ ಶೀಲ ಮತ್ತೆ ಮುರಿದಂತೆ. ಫೋನಿನಲ್ಲಿ ಹೇಳಿದಾಗ ಆ ಹುಡುಗಿ, "ಸರ, ಮುಂದಿನ ಸಲ ನೀರು ಕುಡಿಯಾಕ ನಿಲ್ಲಬ್ಯಾಡ್ರಿ" ಅಂದಳು.

ನಾಳೆ: ಸಮ್ಯಕ್ ಸ್ಮೃತಿ.

ನಮೋ ಬುದ್ಧಾಯ, ಜೈ ಭೀಮ್.