ದೋಷದ ಸಂಖ್ಯೆ, ದೋಷದ ಮಾತು

ಬೆಂಗಳೂರಿನ ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಸಾಗಿದರೆ, ಇಂದಿರಾನಗರದ ಅಂಚನ್ನು ದಾಟಿ ಕೃಷ್ಣರಾಜಪುರವನ್ನು ಸಮೀಪಿಸುವಲ್ಲಿ ದೂರವಾಣಿನಗರ ಎಂಬ ಬಡಾವಣೆಯಿದೆ. ಊರುಗಳಿಗೆ ದೇವರ ಹೆಸರು, ಅರಸರ ಹೆಸರು, ಕೆರೆಯ ಹೆಸರು ಬರುವುದುಂಟು. ಯಂತ್ರವೊಂದರ ಹೆಸರು ಬರುವುದು ಅಪರೂಪ. 1948ರಲ್ಲಿ ಇಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಕಾರ್ಖಾನೆಯು ಸ್ಥಾಪಿತವಾಯಿತು. ಸ್ವತಂತ್ರ ಭಾರತದ ಸಾರ್ವಜನಿಕ ರಂಗದ ಮೊದಲ ಉದ್ಯಮವೆಂದು ಇದನ್ನು ಕರೆಯುತ್ತಾರೆ. ದೂರವಾಣಿ ಉಪಕರಣಗಳೂ, ಸ್ಟ್ರೌಜರ್ ಪದ್ಧತಿಯ ಸ್ವಯಂಚಾಲಿತ ವಿನಿಮಯ ಕೇಂದ್ರಗಳ ಯಂತ್ರಗಳೂ ಇಲ್ಲಿ ತಯಾರಾಗಿ ದೇಶದ ನಾನಾ ಭಾಗಗಳಿಗೆ ಹೋದುವು.

ಸ್ಟ್ರೌಜರ್ ಎಂಬಾತ ಅಮೆರಿಕದವನು. ಶವಸಂಸ್ಕಾರದ ಏರ್ಪಾಟು ಮಾಡಿಕೊಡುವುದು ಅವನ ವೃತ್ತಿ. ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರು ತನಗೆ ಬರುವ ಕರೆಗಳನ್ನು ಎದುರಾಳಿಗೆ ತಿರುಗಿಸುತ್ತಿದ್ದಾರೆಂದು ಸಂಶಯಪಟ್ಟು, ಆಪರೇಟರೇ ಬೇಡವಾದ ಯಂತ್ರವನ್ನು ಅವನು ಕಲ್ಪಿಸಿದನೆಂದು ಹೇಳುತ್ತಾರೆ. ಅದಕ್ಕೆ 1891ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಸಂಶಯದಿಂದಲೂ ಒಳ್ಳೆಯ ಯಂತ್ರ ಹುಟ್ಟಬಹುದು! ಆದರೆ ಆಪರೇಟರು ಹೋದೊಡನೆ ಹೊಸದೊಂದು ತೊಡಕು ಉಂಟಾಯಿತು. ಅದುವರೆಗೆ ಕರೆ ಕೂಡದಿದ್ದಾಗ, ‘ಅವರು ಬೇರೊಬ್ಬರೊಡನೆ ಮಾತನಾಡುತ್ತಿದ್ದಾರೆ’ ಎಂದೋ, ‘ಆ ಸಂಖ್ಯೆಯೇ ಇಲ್ಲ’ ಎಂದೋ ಮನುಷ್ಯರೇ ಬಾಯಿಬಿಟ್ಟು ಹೇಳುತ್ತಿದ್ದರು. ಯಂತ್ರಕ್ಕೆ ಬಾಯಿಯಿಲ್ಲ. ಆದುದರಿಂದ ಅದಕ್ಕೆ ಸ್ವರಗಳನ್ನು ಕೊಟ್ಟರು. ಬಿಟ್ಟು ಬಿಟ್ಟು ಕೇಳಿಸುವ ಸ್ವರವಾದರೆ ಆ ಕಡೆಯವರು ಮಾತಿನಲ್ಲಿ ತೊಡಗಿದ್ದಾರೆ. ಬೇರೊಂದು ಸ್ವರವಾದರೆ ಅಂಥ ಸಂಖ್ಯೆಯೇ ಇಲ್ಲ. ಶಿವಾಜಿನಗರದ ವರ್ತಕನೊಬ್ಬ ಹಲಸೂರಿನ ಗಿರಾಕಿಗೆ ಕರೆ ಮಾಡಿದಾಗ ಮೊದಲನೆಯ ಸ್ವರ ಕೇಳಿದರೆ ಐದು ನಿಮಿಷ ತಾಳಬೇಕು. ಎರಡನೆಯದು ಕೇಳಿದರೆ ಡೈರೆಕ್ಟರಿಯನ್ನು ತೆಗೆದು ಸಂಖ್ಯೆಯನ್ನು ಸರಿನೋಡಬೇಕು. ಎರಡು ಸಂದರ್ಭಗಳಲ್ಲೂ ಕರೆ ಕೂಡಲಿಲ್ಲವೆಂಬುದು ಒಂದೇ. ಆದರೆ ಮಾಡಬೇಕಾದ ಕೆಲಸ ಒಂದೇ ಅಲ್ಲ.

ಮುಂದೆ ವಿದ್ಯುನ್ಮಾನ ವಿನಿಮಯ ಕೇಂದ್ರಗಳು ಬಂದುವು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕೆಲಸಮಾಡತೊಡಗಿತು. ಅದೇ ಸಂಸ್ಥೆಯ ದೊಡ್ಡ ಕೇಂದ್ರಗಳನ್ನು ನಡೆಸುವ ಪ್ರೋಗ್ರಾಮುಗಳನ್ನು ಸಿ ಎಂಬ ಗಣಕಭಾಷೆಯಲ್ಲಿ ಬರೆದರು. ಆ ಭಾಷೆಯೂ ದೂರವಾಣಿಯ ಬಳಗಕ್ಕೇ ಸೇರಿದುದು: ಅಮೆರಿಕದ ದೂರವಾಣಿ ಕಂಪೆನಿಯೊಂದರ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು 1972ರ ಸುಮಾರಿಗೆ ಅದನ್ನು ರೂಪಿಸಿದರು.

ಇಂದಿನ ವಿನಿಮಯ ಕೇಂದ್ರಗಳ ನಡುವೆ ಕರೆ ವಿಫಲವಾದ ಕಾರಣವು ಸಂಖ್ಯೆಯ ರೂಪದಲ್ಲಿ ಸಂಚರಿಸುತ್ತದೆ. ಅಂತರರಾಷ್ಟ್ರೀಯ ಒಪ್ಪಂದದಂತೆ 17 ಎಂದರೆ ಆ ಕಡೆಯವರು ಮಾತಿನಲ್ಲಿ ತೊಡಗಿದ್ದಾರೆ. 1 ಎಂದರೆ ಆ ಸಂಖ್ಯೆಯನ್ನು ಯಾರಿಗೂ ಕೊಟ್ಟಿಲ್ಲ. 34 ಎಂದರೆ ಖಾಲಿ ಇರುವ ಮಾರ್ಗವಿಲ್ಲ. ಕರೆ ಮಾಡಿದವರಿಗೆ ಮಾತ್ರ ಈ ಅಂಕಿಗಳು ಕೇಳಿಸುವುದಿಲ್ಲ. ಅವರಿಗೆ ಸ್ವರವೋ, ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಮುದ್ರಿಸಿಟ್ಟ ಮಾತೋ ಕೇಳಿಸುತ್ತದೆ. ಯಂತ್ರಕ್ಕೆ ಸಂಖ್ಯೆ, ಮನುಷ್ಯನಿಗೆ ಮಾತು; ಸಿ ಭಾಷೆಯ ಏರ್ಪಾಟೂ ಇದೇ.

ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವನು ಎಲ್ಲವನ್ನೂ ತಾನೇ ಬರೆಯಬೇಕಾಗಿಲ್ಲ. ಕಡತವನ್ನು ತೆರೆಯುವುದು, ಬರೆಯುವುದು, ಮುಚ್ಚುವುದು, ಅಕ್ಷರಗಳನ್ನು ಸಂಖ್ಯೆಯಾಗಿ ಪರಿವರ್ತಿಸುವುದು ಮೊದಲಾದ ಕೆಲಸಗಳಿಗೆ ಸಿದ್ಧವಾದ ಫಂಕ್ಷನ್‌ಗಳಿವೆ. ಇವುಗಳ ಭಂಡಾರಕ್ಕೆ ಸಿ ಲೈಬ್ರರಿ ಎಂದು ಹೆಸರು. ಕಡತವನ್ನು ತೆರೆಯಲು ಎಫ್‌ಓಪನ್ ಎಂಬುದನ್ನು ಕರೆಯಬೇಕು. ಕೆಲಸ ಕೈಗೂಡಿದರೆ ಅದು ಕಡತದ ಹಿಡಿಯನ್ನು ಒಪ್ಪಿಸುತ್ತದೆ. ಕೈಗೂಡದಿದ್ದರೆ ನಲ್ ಎಂಬ ಬರಿಗೈಯನ್ನು ತೋರಿಸುತ್ತದೆ. ಬರಿಗೈ ಕಂಡಾಗ ಕೆಲಸ ಆಗಲಿಲ್ಲವೆಂದು ತಿಳಿಯಿತೇ ಹೊರತು ಏಕೆ ಆಗಲಿಲ್ಲವೆಂದು ತಿಳಿಯಲಿಲ್ಲ. ಆ ಕಾರಣವನ್ನು ಬರೆದಿಡುವ ಸ್ಥಳಕ್ಕೆ ಎರ್ನೋ ಎಂದು ಹೆಸರು. ‘ಎರರ್ ನಂಬರ್’ ಎಂಬುದನ್ನು ಮೊಟಕುಮಾಡಿ ಈ ಹೆಸರನ್ನು ಮಾಡಿದ್ದಾರೆ. ಅದರಲ್ಲಿ ಇರುವುದು ಒಂದು ಸಂಖ್ಯೆ ಮಾತ್ರ. ಲಿನಕ್ಸ್ ವ್ಯವಸ್ಥೆಯಲ್ಲಿ 2 ಎಂದಿದ್ದರೆ ಆ ಹೆಸರಿನ ಕಡತವಿಲ್ಲ. 13 ಎಂದಿದ್ದರೆ ಕಡತವಿದೆ, ಆದರೆ ಅದನ್ನು ಮುಟ್ಟಲು ಅನುಮತಿಯಿಲ್ಲ. 28 ಎಂದಿದ್ದರೆ ಡಿಸ್ಕಿನಲ್ಲಿ ಸ್ಥಳವಿಲ್ಲ. ಮೊದಲನೆಯದಕ್ಕೆ ಹೆಸರನ್ನು ಸರಿನೋಡಬೇಕು, ಎರಡನೆಯದಕ್ಕೆ ಅಧಿಕಾರವುಳ್ಳವರನ್ನು ಕೇಳಬೇಕು, ಮೂರನೆಯದಕ್ಕೆ ಡಿಸ್ಕನ್ನು ಖಾಲಿಮಾಡಬೇಕು. ಡೈರೆಕ್ಟರಿಯನ್ನು ತೆರೆಯುವುದೋ, ಐದು ನಿಮಿಷ ತಾಳುವುದೋ ಎಂಬ ವರ್ತಕನ ಪ್ರಶ್ನೆಯೇ ಇಲ್ಲಿ ಮತ್ತೆ ಬಂದಿದೆ.

ಸಂಖ್ಯೆಯನ್ನು ಅದರ ಪಟ್ಟಿಯಿಂದ ಬೇರ್ಪಡಿಸಿದರೆ ಅದಕ್ಕೆ ಅರ್ಥವಿಲ್ಲ. ಲಿನಕ್ಸಿನಲ್ಲಿ 11 ಎಂದರೆ ‘ಈಗ ಆಗದು, ಮತ್ತೊಮ್ಮೆ ಪ್ರಯತ್ನಿಸಿ’ ಎಂದರ್ಥ; 35 ಎಂದರೆ ಒಬ್ಬರಿಗಾಗಿ ಒಬ್ಬರು ಕಾದು ಯಾರೂ ಮುಂದೆ ಸಾಗಲಾಗದ ಬಿಕ್ಕಟ್ಟು. ಮ್ಯಾಕ್ ಓಎಸ್ ವ್ಯವಸ್ಥೆಯಲ್ಲಿ ಇವೆರಡು ಸಂಖ್ಯೆಗಳು ಅದಲುಬದಲಾಗಿವೆ! ಒಂದು ಯಂತ್ರದ ಮೇಲೆ ‘11 ಬಂದರೆ ಮತ್ತೆ ಪ್ರಯತ್ನಿಸು’ ಎಂದು ಬರೆದ ಪ್ರೋಗ್ರಾಮು ಇನ್ನೊಂದರ ಮೇಲೆ ಬಿಕ್ಕಟ್ಟಿನೊಳಗೇ ತಲೆಯಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತ ನಿಂತುಬಿಡುತ್ತದೆ. ಆದ್ದರಿಂದಲೇ ಪ್ರತಿ ದೋಷಕ್ಕೂ ಸಂಖ್ಯೆಯ ಜೊತೆಗೆ ಒಂದು ಹೆಸರನ್ನು ಕೊಟ್ಟಿದ್ದಾರೆ. 11ರ ಬದಲು ಈಎಗೇನ್ ಎಂದೂ, 2ರ ಬದಲು ಈನೋಎಂಟ್ ಎಂದೂ ಬರೆದರೆ ಆಯಾ ವ್ಯವಸ್ಥೆಗೆ ಸಲ್ಲುವ ಸಂಖ್ಯೆ ತಾನಾಗಿ ಅಲ್ಲಿ ಬಂದು ಕೂರುತ್ತದೆ.

ಎರ್ನೋವನ್ನು ಯಾವಾಗ ನೋಡಬೇಕು ಎಂಬುದರಲ್ಲಿ ನುರಿತವರೂ ಎಡವುತ್ತಾರೆ. ಅದು ಗೋಡೆಗೆ ತೂಗುಹಾಕಿದ ಹಲಗೆಯಂತೆ. ಲೈಬ್ರರಿಯ ಫಂಕ್ಷನ್ ಸೋತಾಗ ಕಾರಣವನ್ನು ಅದರ ಮೇಲೆ ಬರೆಯುತ್ತದೆ. ಗೆದ್ದಾಗ ಬಂದು ಅದನ್ನು ಒರೆಸುವುದಿಲ್ಲ. ಪ್ರೋಗ್ರಾಮು ಆರಂಭವಾದಾಗ ಹಲಗೆಯ ಮೇಲೆ ಸೊನ್ನೆಯಿರುತ್ತದೆ. ಅನಂತರ ಲೈಬ್ರರಿಯ ಯಾವ ಫಂಕ್ಷನ್ ಕೂಡ ಅಲ್ಲಿ ಮತ್ತೆ ಸೊನ್ನೆಯನ್ನು ಬರೆಯುವುದಿಲ್ಲ. ಆದ್ದರಿಂದ ಹಲಗೆಯ ಮೇಲೆ ಏನೋ ಬರೆದಿದೆಯೆಂಬ ಕಾರಣಕ್ಕೆ ಈಗ ಮಾಡಿದ ಕೆಲಸ ಕೆಟ್ಟಿತೆಂದು ತಿಳಿಯಬಾರದು. ಅದು ಬೆಳಗಿನ ಬರಹವಾಗಿರಬಹುದು.

ಇದಕ್ಕೊಂದು ಹಳೆಯ ನಿದರ್ಶನವಿದೆ. ಒಂದು ಕಾಲದಲ್ಲಿ ಯೂನಿಕ್ಸ್ ಯಂತ್ರಗಳ ಮೂಲಕ ಕಳುಹಿಸಿದ ವಿದ್ಯುನ್ಮಾನ ಅಂಚೆ ತಲುಪದೆ ಹಿಂದಿರುಗಿದಾಗ, ಅದರ ಮೇಲೆ ‘ನಾಟ್ ಎ ಟೈಪ್‌ರೈಟರ್’, ಅಂದರೆ ‘ಇದು ಬೆರಳಚ್ಚು ಯಂತ್ರವಲ್ಲ’ ಎಂಬ ಕಾರಣವು ಕಾಣಿಸಿಕೊಳ್ಳುತ್ತಿತ್ತು. ಪತ್ರ ತಲುಪದಿರುವುದಕ್ಕೂ ಬೆರಳಚ್ಚು ಯಂತ್ರಕ್ಕೂ ಏನು ಸಂಬಂಧ? ಏನೂ ಇಲ್ಲ. ಸಿ ಲೈಬ್ರರಿಯು ಮೊದಲ ಬಾರಿಗೆ ಬರೆಯುವಾಗ, ತಾನು ಬರೆಯುತ್ತಿರುವುದು ಮನುಷ್ಯನೆದುರಿನ ಟರ್ಮಿನಲ್ಲಿಗೋ ಕಡತಕ್ಕೋ ಎಂದು ಒಳಗೊಳಗೇ ವಿಚಾರಿಸುತ್ತದೆ. ಟರ್ಮಿನಲ್ಲುಗಳು ಆಗ ಬೆರಳಚ್ಚು ಯಂತ್ರದಂತಹವೇ ಆಗಿದ್ದುವು. ‘ಅಲ್ಲ’ ಎಂಬ ಉತ್ತರವು 25 ಎಂಬ ಸಂಖ್ಯೆಯಾಗಿ ಹಲಗೆಯ ಮೇಲೆ ಬೀಳುತ್ತದೆ. ಬರೆಯುವ ಕೆಲಸ ಸುಸೂತ್ರವಾಗಿ ನಡೆದರೂ 25 ಅಲ್ಲೇ ಉಳಿಯುತ್ತದೆ. ಅಂಚೆಯ ಪ್ರೋಗ್ರಾಮು ಬೇರೆಯ ಕಾರಣದಿಂದ ಸೋತು, ಹೊತ್ತುಮೀರಿ ಹಲಗೆಯತ್ತ ನೋಡಿ, ಅಲ್ಲಿ ಕಂಡದ್ದನ್ನೇ ತನ್ನ ಸೋಲಿನ ಕಾರಣವೆಂದು ಓದಿಬಿಡುತ್ತಿತ್ತು. ಪತ್ರ ಬರೆದವರು ತಲೆ ಕೆರೆದುಕೊಂಡದ್ದೇ ಬಂತು.

ಇದರಿಂದ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಫಂಕ್ಷನ್ ಹಿಂದಿರುಗಿಸಿದ ಉತ್ತರವನ್ನು ನೋಡಿ ಸೋಲೋ ಗೆಲುವೋ ನಿರ್ಧರಿಸಬೇಕು. ಸೋಲಾದರೆ ಮಾತ್ರ, ಬೇರೆ ಯಾವ ಫಂಕ್ಷನನ್ನೂ ಕರೆಯುವ ಮೊದಲೇ, ಎರ್ನೋದ ಸಂಖ್ಯೆಯನ್ನು ತನ್ನದೇ ಒಂದು ಜಾಗದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ಸಂದೇಶವನ್ನು ಮುದ್ರಿಸಿ ಬರುವಷ್ಟರಲ್ಲಿ ಹಲಗೆಯ ಬರಹ ಬದಲಾಗಿರಬಹುದು. ಪ್ರೋಗ್ರಾಮಿನಲ್ಲಿ ಹಲವು ಕೆಲಸಗಾರರು ಏಕಕಾಲದಲ್ಲಿ ದುಡಿಯುವಂತಿದ್ದರೆ ಈಗ ಒಬ್ಬೊಬ್ಬರಿಗೂ ಒಂದೊಂದು ಹಲಗೆಯಿರುತ್ತದೆ. ಒಬ್ಬರ ದೋಷ ಇನ್ನೊಬ್ಬರ ತಲೆಗೆ ಬರುವುದಿಲ್ಲ.

ಉತ್ತರವನ್ನು ನೋಡಿ ನಿರ್ಧರಿಸಲಾಗದ ಸಂದರ್ಭಗಳೂ ಇವೆ. ಶಾಲೆಯ ಅಂಕಪಟ್ಟಿಯಲ್ಲಿ ಸೊನ್ನೆ ಪಡೆದವನೂ ಪರೀಕ್ಷೆಗೆ ಬಾರದವನೂ ಒಂದೇ ಅಲ್ಲ. ಉಪಾಧ್ಯಾಯರು ಒಬ್ಬನಿಗೆ ಸೊನ್ನೆಯನ್ನೂ ಇನ್ನೊಬ್ಬನಿಗೆ ‘ಗೈರುಹಾಜರಿ’ ಎಂದೂ ಬರೆಯುತ್ತಾರೆ. ಎಟೂಐ ಎಂಬ ಹಳೆಯ ಫಂಕ್ಷನ್ನಿಗೆ ಈ ವಿವೇಕವಿಲ್ಲ. ‘0’ ಎಂಬ ಬರಹವನ್ನು ಕೊಟ್ಟರೂ, ಅಂಕಿಯೇ ಇಲ್ಲದ ಬರಹವನ್ನು ಕೊಟ್ಟರೂ ಅದು ಸೊನ್ನೆಯನ್ನೇ ಒಪ್ಪಿಸುತ್ತದೆ. ಸ್ಟ್ರ್‌ಟೊಲ್ ಎಂಬುದು ಹೆಚ್ಚು ಪ್ರಾಮಾಣಿಕ: ತಾನು ಎಲ್ಲಿಯವರೆಗೆ ಓದಿದೆನೆಂದು ತಿಳಿಸುತ್ತದೆ, ಸಂಖ್ಯೆಯು ತನ್ನ ಅಳತೆಗೆ ಮೀರಿದರೆ ತನ್ನಲ್ಲಿರುವ ಅತಿ ದೊಡ್ಡ ಸಂಖ್ಯೆಯನ್ನು ಒಪ್ಪಿಸಿ ಎರ್ನೋದಲ್ಲಿ ಈರೇಂಜ್ ಎಂದು ಬರೆಯುತ್ತದೆ. ಆದರೆ ಬರಹದಲ್ಲಿದ್ದುದೇ ಆ ಅತಿ ದೊಡ್ಡ ಸಂಖ್ಯೆಯಾಗಿದ್ದರೆ? ಉತ್ತರದಿಂದ ಭೇದ ತಿಳಿಯದು. ಆದ್ದರಿಂದ ಇಲ್ಲಿ ಮಾತ್ರ ಕರೆಯುವ ಮೊದಲು ಹಲಗೆಯನ್ನು ತಾನೇ ಒರೆಸಿ ಸೊನ್ನೆಯನ್ನು ಬರೆದು, ಕರೆದ ಮೇಲೆ ನೋಡಬೇಕು.

ಸಂಖ್ಯೆಯನ್ನು ಮಾತಾಗಿ ಮಾಡುವ ಕೆಲಸಕ್ಕೆ ಎರಡು ಫಂಕ್ಷನ್‌ಗಳಿವೆ. ಸ್ಟ್ರ್‌ಎರರ್ ಎಂಬುದು ಸಂಖ್ಯೆಯನ್ನು ಪಡೆದು ಅದರ ವಾಕ್ಯವನ್ನು ಕೊಡುತ್ತದೆ. ಪಿಎರರ್ ಎಂಬುದು ಎರ್ನೋವನ್ನು ತಾನೇ ನೋಡಿ, ಬರೆದವನು ಕೊಟ್ಟ ಮಾತನ್ನು ಮುಂದಿಟ್ಟು, ವಾಕ್ಯವನ್ನು ದೋಷಗಳಿಗೆಂದೇ ಇರುವ ಹಾದಿಯಲ್ಲಿ ಹೊರಗೆ ಕಳುಹಿಸುತ್ತದೆ. ವ್ಯವಸ್ಥೆಗೆ ಆಯ್ದ ಭಾಷೆಗೆ ತಕ್ಕಂತೆ ಈ ವಾಕ್ಯಗಳು ಬದಲಾಗಬಹುದು. ಹಾಗಿರುವಾಗ ವಾಕ್ಯವನ್ನು ಅಕ್ಷರಶಃ ಹೋಲಿಸಿ ದೋಷವನ್ನು ಗುರುತಿಸುವ ಪ್ರೋಗ್ರಾಮು ಭಾಷೆ ಬದಲಾದ ದಿನ ಕುರುಡಾಗುತ್ತದೆ. ಗುರುತಿಸುವುದು ಹೆಸರಿನಿಂದ, ತಿಳಿಸುವುದು ಮಾತಿನಿಂದ. ಇನ್ನೊಂದು ಕೊರತೆಯೂ ಇದೆ: ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ವಾಕ್ಯವು ಅಂಥ ಕಡತವಿಲ್ಲವೆಂದು ಹೇಳುತ್ತದೆ, ಎಂಥ ಕಡತವೆಂದು ಹೇಳುವುದಿಲ್ಲ. ಕಡತದ ಹೆಸರನ್ನು ಬರೆದವನೇ ಸೇರಿಸಬೇಕು.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂಬುದು ಒಂದು ಕಲ್ಪಿತ ಪ್ರಸಂಗದಿಂದ ತಿಳಿಯುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸಮೀಪದಲ್ಲಿ ಒಂದು ಸಗಟು ಅಂಗಡಿಯಿದೆಯೆಂದು ಭಾವಿಸಬಹುದು. ದಿನದ ಬಿಲ್ಲುಗಳೆಲ್ಲ ಗಣಕಯಂತ್ರದಲ್ಲಿವೆ. ರಾತ್ರಿ ಬಾಗಿಲು ಹಾಕುವಾಗ ಗುಮಾಸ್ತನು ಗುಂಡಿಯನ್ನೊತ್ತಿದರೆ ‘ಲೆಕ್ಕವನ್ನು ಉಳಿಸಲಾಗಿದೆ’ ಎಂದು ತೆರೆಯ ಮೇಲೆ ಮೂಡುತ್ತದೆ. ಒಂದು ಬೆಳಿಗ್ಗೆ ಹಿಂದಿನ ದಿನದ ಲೆಕ್ಕವೇ ಇಲ್ಲ.

“ನಿನ್ನೆ ರಾತ್ರಿ ಉಳಿಸಲಾಗಿದೆ ಎಂದೇ ಬಂದಿತು, ಸ್ವಾಮಿ” ಎಂದು ಗುಮಾಸ್ತನು ಹೇಳುತ್ತಾನೆ.

“ಬಂದಿರಬಹುದಪ್ಪ. ಲೆಕ್ಕ ಎಲ್ಲಿ? ಯಾರು ಎಷ್ಟು ಕೊಡಬೇಕೆಂದು ನಾನು ಯಾರನ್ನು ಕೇಳಲಿ?” ಎನ್ನುತ್ತಾರೆ ಯಜಮಾನರು.

ಗುಮಾಸ್ತನು ಸುಳ್ಳು ಹೇಳಲಿಲ್ಲ. ಆದರೂ ತಲೆ ತಗ್ಗಿಸಿ ನಿಂತವನು ಅವನೇ. ಡಿಸ್ಕು ತುಂಬಿತ್ತು. ಪ್ರೋಗ್ರಾಮು ಬರೆದವನು ಬರೆಯುವ ಫಂಕ್ಷನ್ನಿನ ಉತ್ತರವನ್ನು ನೋಡಿರಲಿಲ್ಲ. ನೋಡಿದ್ದರೂ ಸಾಲುತ್ತಿರಲಿಲ್ಲ. ಲೈಬ್ರರಿಯು ಬರೆಯಬೇಕಾದುದನ್ನು ಒಡನೆಯೇ ಡಿಸ್ಕಿಗೆ ಕಳುಹಿಸದೆ, ಒಂದು ಹೊರೆಯಷ್ಟಾಗುವವರೆಗೆ ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಸಣ್ಣ ಬರಹವಾದರೆ ಪ್ರತಿ ಸಲವೂ ‘ಬರೆದೆ’ ಎಂಬ ಉತ್ತರವೇ ಬರುತ್ತದೆ. ಸ್ಥಳವಿಲ್ಲವೆಂಬುದು ಕೊನೆಗೆ ಎಫ್‌ಕ್ಲೋಸ್ ಕಡತವನ್ನು ಮುಚ್ಚುವಾಗ ಬಯಲಾಗುತ್ತದೆ. ಮುಚ್ಚುವುದರಲ್ಲಿ ಸೋಲೇನು ಬಂತು ಎಂದು ಭಾವಿಸಿ ಆ ಉತ್ತರವನ್ನು ಬಹುಮಂದಿ ಕೇಳುವುದೇ ಇಲ್ಲ. ಲೆಕ್ಕಗಳು ಮಾಯವಾಗುವುದು ಅಲ್ಲಿಯೇ.

ಅದೇ ಪ್ರೋಗ್ರಾಮನ್ನು ತಿದ್ದಿ ಬರೆದರೆ ಹೀಗಾಗುತ್ತದೆ. ಹೊಸ ಲೆಕ್ಕವನ್ನು ಮೊದಲು ಬೇರೆಯ ಹೆಸರಿನ ಕಡತದಲ್ಲಿ ಬರೆಯುತ್ತದೆ. ಪ್ರತಿ ಬರಹದ ಉತ್ತರವನ್ನೂ, ಮುಚ್ಚಿದಾಗಿನ ಉತ್ತರವನ್ನೂ ನೋಡುತ್ತದೆ. ಎಲ್ಲವೂ ಸರಿಯಾದರೆ ಮಾತ್ರ ಅದಕ್ಕೆ ಹಳೆಯ ಕಡತದ ಹೆಸರನ್ನು ಕೊಡುತ್ತದೆ. ಅಲ್ಲಿಯವರೆಗೆ ಹಳೆಯದು ಸುರಕ್ಷಿತ. ಬಿಲ್ಲುಗಳನ್ನೂ ತನ್ನಲ್ಲಿ ಹಾಗೆಯೇ ಹಿಡಿದುಕೊಂಡಿರುತ್ತದೆ. ಡಿಸ್ಕು ತುಂಬಿದ ರಾತ್ರಿ ಗುಮಾಸ್ತನ ಎದುರಿಗೆ ಬರುವ ಮಾತು ಬೇರೆ: ‘ಇಂದಿನ ಲೆಕ್ಕದ ಕಡತವನ್ನು ಉಳಿಸಲಾಗಲಿಲ್ಲ. ಡಿಸ್ಕಿನಲ್ಲಿ ಸ್ಥಳವಿಲ್ಲ. ಹಳೆಯ ಲೆಕ್ಕಕ್ಕೆ ಹಾನಿಯಾಗಿಲ್ಲ. ಯಂತ್ರವನ್ನು ನಿಲ್ಲಿಸಬೇಡಿ.’ ಕೆಳಗೆ ಸಣ್ಣ ಅಕ್ಷರಗಳಲ್ಲಿ, ದುರಸ್ತಿಗೆ ಬರುವವನಿಗಾಗಿ, 28 ಎಂಬ ಸಂಖ್ಯೆ. ಗುಮಾಸ್ತನು ಬೇಡದ ಕಡತಗಳನ್ನು ಅಳಿಸಿ ಮತ್ತೊಮ್ಮೆ ಗುಂಡಿಯನ್ನೊತ್ತುತ್ತಾನೆ. ‘ಲೆಕ್ಕವನ್ನು ಉಳಿಸಲಾಗಿದೆ’ ಎಂಬ ಮಾತು ಮೂಡುತ್ತದೆ. ಅವನು ದೀಪವನ್ನು ಆರಿಸಿ ಬಾಗಿಲಿಗೆ ಬೀಗ ಹಾಕುತ್ತಾನೆ.